ಮಳೆಗಾಲಕ್ಕೆ ಮುಂಚೆ ಆಫೀಸಿನ ಉಡುಪಿನ ನಿಯಮ ಬರೆಯಬೇಕಿದೆ, ನಿಮ್ಮ ಅನುಭವ ಹೇಳಿ

ಘಟ್ಟದ ಮೇಲಿನವಳು · ಮೇ 6, ರಾತ್ರಿ 9:40

ನಮಸ್ಕಾರ. ನನ್ನ ಊರು ಶಿರಸಿ ಹತ್ತಿರದ ಹಳ್ಳಿ. ಕೆಲಸ ಕಾರವಾರದಲ್ಲಿ. ಸಣ್ಣ ಸಾಫ್ಟ್‌ವೇರ್ ಶಾಖೆ, 23 ಜನ ಇದ್ದೇವೆ, ಉಸ್ತುವಾರಿ ನನ್ನದು. ಹೆಚ್ಚಿನವರು ಕೋಡ್ ಬರೆಯುವವರು, ಟೆಸ್ಟಿಂಗ್‌ನವರು. ನಾಲ್ಕು ಹುಡುಗರು ಮಾತ್ರ ಹೊರಗೆ ಓಡಾಡಿ ಗ್ರಾಹಕರ ನೆಟ್‌ವರ್ಕ್, ಸರ್ವರ್, ಯುಪಿಎಸ್ ನೋಡಿಕೊಳ್ಳುತ್ತಾರೆ.

ಮೊನ್ನೆ ಬೆಂಗಳೂರಿನ ಮುಖ್ಯ ಕಚೇರಿಯಿಂದ ಮೇಲ್ ಬಂತು. ಜೂನ್ 1ರಿಂದ ಎಲ್ಲಾ ಶಾಖೆಗೂ ಒಂದೇ ಉಡುಪಿನ ನಿಯಮವಂತೆ. ಗಂಡಸರಿಗೆ ತುಂಬು ತೋಳಿನ ಶರ್ಟು, ಇನ್‌ಶರ್ಟ್, ಕಪ್ಪು ಚರ್ಮದ ಶೂ, ದಿನಾ ಶೇವಿಂಗ್. ಹೆಂಗಸರಿಗೆ ಒಂದೂವರೆ ಪುಟ ಇದೆ. ಕೊನೆಗೆ ಎಲ್ಲರಿಗೂ ಸೇರಿ ಒಂದು ಸಾಲು: ‘ಬಟ್ಟೆಯಿಂದ ಅಹಿತಕರ ವಾಸನೆ ಬರಬಾರದು.’ ನಿಮ್ಮ ಶಾಖೆಗೆ ಏನಾದರೂ ಬದಲಾವಣೆ ಬೇಕಿದ್ದರೆ ಕಾರಣ ಸಮೇತ ಮೇ 25ರೊಳಗೆ ಬರೆದು ಕಳಿಸಿ ಎಂದಿದ್ದಾರೆ.

ಆ ಕೊನೆಯ ಸಾಲು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಯಾಕೆ ಅಂತ ಹೇಳುತ್ತೇನೆ.

ನನ್ನ ಮೊದಲ ಕೆಲಸ ಬೆಂಗಳೂರಿನಲ್ಲಿ. ಸೇರಿ ಎರಡು ತಿಂಗಳಾಗಿತ್ತು. ಜುಲೈಯಲ್ಲಿ ಅಜ್ಜಿಯ ತಿಥಿಗೆಂದು ಊರಿಗೆ ಬಂದಿದ್ದೆ. ಮಳೆಗಾಲದಲ್ಲಿ ನಮ್ಮ ಕಡೆ ಬಟ್ಟೆ ಹೊರಗೆ ಒಣಗುವುದಿಲ್ಲ, ನಿಮಗೆಲ್ಲ ಗೊತ್ತು. ಬಚ್ಚಲ ಒಲೆಯ ಮೇಲೆ ಗಳು ಕಟ್ಟಿ ಅದಕ್ಕೆ ಹರವುತ್ತೇವೆ. ಅಡಿಕೆ ಸಿಪ್ಪೆ, ಹಸಿ ಸೌದೆಯ ಹೊಗೆಯಲ್ಲೇ ಒಣಗಬೇಕು. ಆಯಿ ನನ್ನ ಎರಡು ಚೂಡಿದಾರ ಹಾಗೇ ಒಣಗಿಸಿ, ಇಸ್ತ್ರಿ ಮಾಡಿ ಚೀಲಕ್ಕೆ ಹಾಕಿದ್ದಳು. ಸೋಮವಾರ ಅದನ್ನೇ ಹಾಕಿಕೊಂಡು ಹೋದೆ. ಮಧ್ಯಾಹ್ನ ಮೇಲಿನವರು ಎಲ್ಲರೆದುರು ‘ಏನೋ ಸುಟ್ಟ ವಾಸನೆ ಬರ್ತಿದೆ, ನಾಳೆಯಿಂದ ಸರಿಯಾಗಿ ಒಗೆದ ಬಟ್ಟೆ ಹಾಕ್ಕೊಂಡು ಬನ್ನಿ’ ಅಂದರು. ಬಟ್ಟೆ ಒಗೆದದ್ದೇ ಆಗಿತ್ತು. ಎರಡು ಸಲ ಜಾಲಿಸಿದ್ದು. ನನಗೆ ಬಾಯಿ ಬರಲಿಲ್ಲ. ಮರುದಿನ ಪಕ್ಕದ ಕುರ್ಚಿಯವಳು ಬೇರೆ ಕಡೆ ಹೋಗಿ ಕೂತಳು. ಆ ಎರಡು ಚೂಡಿದಾರ ನಾನು ಮತ್ತೆ ಹಾಕಲಿಲ್ಲ. ಆಯಿಗೆ ಕಾರಣ ಹೇಳಲೂ ಇಲ್ಲ.

ಈಗ ಅಂಥದ್ದೇ ಸಾಲಿನ ಕೆಳಗೆ ನಾನು ಸಹಿ ಹಾಕಬೇಕು. ನಮ್ಮಲ್ಲಿ ಆರು ಜನ ಸಿದ್ದಾಪುರ, ಯಲ್ಲಾಪುರ, ಜೋಯಿಡಾ ಕಡೆಯವರು. ಶುಕ್ರವಾರ ಸಂಜೆ ಊರಿಗೆ ಹೋಗಿ ಸೋಮವಾರ ಬರುತ್ತಾರೆ. ನಿಯಮವೇ ಬೇಡ ಎನ್ನುವವಳಲ್ಲ ನಾನು. ಆದರೆ ಏನು ಬರೆಯಲಿ? ನೀವು ಕೆಲಸ ಮಾಡುವ ಕಡೆ ಹೇಗಿದೆ?

ಕೋಡಿಬಾಗದವ · ಮೇ 6, ರಾತ್ರಿ 10:15

ಅಕ್ಕಾ, ಮೊದಲು ಶೂ ವಿಷಯ ಬರೆಯಿರಿ.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಬೆಂಗಳೂರಲ್ಲಿ ಇಡೀ ವರ್ಷಕ್ಕೆ ಸಾವಿರದ ಆಸುಪಾಸು. ಈ ಲೆಕ್ಕವನ್ನು ಮೇಲ್‌ನ ಮೊದಲ ಸಾಲಲ್ಲೇ ಹಾಕಿ. ನಾನು ದಿನಾ ಸ್ಕೂಟರ್‌ನಲ್ಲಿ ಕಾಳಿ ಸೇತುವೆ ದಾಟಿ ಸದಾಶಿವಗಡಕ್ಕೆ ಹೋಗುವವ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಕುಸಿದ ಮೇಲೆ ಉಳಿದದ್ದು ಒಂದೇ ಸೇತುವೆ. ಲಾರಿ ಪಕ್ಕದಲ್ಲಿ ಹೋದರೆ ಸೊಂಟದವರೆಗೆ ನೀರು ಹಾರುತ್ತದೆ. ರೇನ್‌ಕೋಟು ಏನೂ ಮಾಡಲಾಗದು.

ಚರ್ಮದ ಶೂ ಒಮ್ಮೆ ಒಳಗೆ ನೆನೆದರೆ ಮೂರು ದಿನ ಒಣಗುವುದಿಲ್ಲ. ನಾಲ್ಕನೇ ದಿನ ಬಿಳಿ ಬೂಷ್ಟು. ಹಿಂದಿನ ಕೆಲಸದಲ್ಲಿ ಒದ್ದೆ ಸಾಕ್ಸ್‌ನಲ್ಲೇ ಎಂಟು ಗಂಟೆ ಎಸಿ ಕೆಳಗೆ ಕೂತು, ಬೆರಳ ಸಂದಿಯಲ್ಲಿ ಹುಣ್ಣಾಗಿ ಎರಡು ವಾರ ಮುಲಾಮು ಹಚ್ಚಿದ್ದೇನೆ. ಈಗ ಬರುವಾಗ ರಬ್ಬರ್ ಚಪ್ಪಲಿ, ಒಂದು ಜೊತೆ ಶೂ ಆಫೀಸಿನಲ್ಲೇ. ಸಂಜೆ ಒಳಗೆ ಹಳೆ ಪೇಪರ್ ತುರುಕಿ ಇಟ್ಟು ಬರುತ್ತೇನೆ. ಬಟ್ಟೆ ಬದಲಿಸಲು ಒಂದು ಮೂಲೆ, ಒದ್ದೆ ರೇನ್‌ಕೋಟಿಗೆ ಕೊಕ್ಕೆ, ಇಷ್ಟು ಕೇಳಿ. ಬದಲಿಸಲು ಜಾಗ ಕೊಡದೆ ಇಸ್ತ್ರಿ ಅಂಗಿ ಕೇಳಿದರೆ ಹೇಗೆ?

ಫೈಬರ್ ಕೆಲಸದವ, ಕುಮಟಾ · ಮೇ 7, ಬೆಳಿಗ್ಗೆ 6:50

ಮೇಡಂ, ನಿಮ್ಮ ಆ ನಾಲ್ಕು ಹುಡುಗರ ಸಲುವಾಗಿ ಬರೆಯುತ್ತಿದ್ದೇನೆ.

ಏಳು ವರ್ಷದ ಹಿಂದಿನ ಮಾತು. ಒಂದು ಕಚೇರಿಯಲ್ಲಿ ಯುಪಿಎಸ್ ಬ್ಯಾಟರಿ ಬದಲಿಸುತ್ತಿದ್ದೆವು. ನನ್ನ ಜೊತೆಗಾರನ ಬೆರಳಲ್ಲಿ ಬೆಳ್ಳಿ ಉಂಗುರ. ಕೈಯಲ್ಲಿ ಸ್ಪ್ಯಾನರ್. ಸ್ಪ್ಯಾನರ್ ಒಂದು ಟರ್ಮಿನಲ್ ಮೇಲಿತ್ತು, ಉಂಗುರ ಹೋಗಿ ಇನ್ನೊಂದಕ್ಕೆ ತಾಗಿತು. ಒಂದು ಕ್ಷಣ ಅಷ್ಟೇ. ಉಂಗುರ ಕಾದು ಚರ್ಮಕ್ಕೆ ಅಂಟಿತ್ತು. ಆಸ್ಪತ್ರೆಯಲ್ಲಿ ಕತ್ತರಿಸಿ ತೆಗೆದರು. ಇವತ್ತಿಗೂ ಆ ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಬರೀ 12 ವೋಲ್ಟ್ ಅಲ್ವಾ, ಏನಾಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ ಶಾರ್ಟ್ ಆದರೆ ಅದೇ ಬ್ಯಾಟರಿಯಿಂದ ನೂರಾರು ಆಂಪಿಯರ್ ಒಮ್ಮೆಲೇ ಹರಿಯುತ್ತದೆ. ಲೋಹ ಸುಡುತ್ತದೆ.

ಅವನು ಅವತ್ತು ಟೈ ಕಟ್ಟಿದ್ದ, ಶೂ ಪಾಲಿಶ್ ಆಗಿತ್ತು, ಗಡ್ಡ ತೆಗೆದಿದ್ದ. ಅಲ್ಲಿನ ನಿಯಮದಲ್ಲಿ ಕೇಳಿದ್ದು ಅಷ್ಟೇ. ಉಂಗುರದ ಮಾತು ಅದರಲ್ಲಿ ಇರಲಿಲ್ಲ. ನನಗೆ ಇವತ್ತಿಗೂ ಬೇಜಾರು ಅದೇ.

ಫೈಬರ್ ಕೆಲಸವೂ ಹಾಗೇ. ಇಂಟರ್ನೆಟ್ ಕೇಬಲ್ ಒಳಗಿನ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರನ್ನು ಎಂಟು ಪಾಲು ಮಾಡಿದರೆ ಒಂದು ಪಾಲು. ಪೂರಾ ಗಾಜು. ಕತ್ತರಿಸಿದ ಚೂರು ಅಂಗಿಗೆ ಅಂಟಿ ಮನೆಗೆ ಬರುತ್ತದೆ. ಕಣ್ಣಿಗೆ ಕಾಣುವುದಿಲ್ಲ. ನಾನು ಮಗಳನ್ನು ಎತ್ತಿಕೊಳ್ಳುವ ಮುಂಚೆ ಅಂಗಿ ಬದಲಿಸುತ್ತೇನೆ. ಈ ಕೆಲಸಕ್ಕೆ ಮೇಲಂಗಿ ಬೇರೆ ಬೇಕು, ಚೂರಿಗೆ ಮುಚ್ಚಳದ ಡಬ್ಬಿ ಬೇಕು, ಊಟಕ್ಕೆ ಮುಂಚೆ ಕೈ ತೊಳೆಯಲೇಬೇಕು.

ಇನ್ನು ಕಂಪ್ಯೂಟರ್, ಸರ್ವರ್ ಒಳಗಿನ ಸರ್ಕ್ಯೂಟ್ ಬೋರ್ಡ್ ಮುಟ್ಟುವ ಕೆಲಸ. ಮಳೆಗಾಲದ ತೇವಕ್ಕೆ ನಮ್ಮ ಕಡೆ ಸ್ಟ್ಯಾಟಿಕ್, ಅಂದರೆ ಬಟ್ಟೆ ಉಜ್ಜಿ ಮೈಮೇಲೆ ಸೇರುವ ವಿದ್ಯುತ್, ಅಷ್ಟಾಗಿ ಕೂಡುವುದಿಲ್ಲ. ಆದರೆ ಸರ್ವರ್ ಕೋಣೆಯಲ್ಲಿ ಎಸಿ ಗಾಳಿಯನ್ನು ಒಣಗಿಸಿಬಿಡುತ್ತದೆ. ಅಲ್ಲಿ ಪಾಲಿಯೆಸ್ಟರ್ ಶರ್ಟು ತೊಂದರೆ. ಮೈಗೆ ಚುರ್ ಅನ್ನಿಸಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಕೆಲವು ಚಿಪ್‌ಗಳು 100 ವೋಲ್ಟ್‌ಗೂ ಕಮ್ಮಿಯಲ್ಲೇ ಕೆಡುತ್ತವೆ. ನಮಗೆ ಗೊತ್ತೇ ಆಗುವುದಿಲ್ಲ. ಆ ಸ್ಟ್ಯಾಟಿಕ್ ಅನ್ನು ನೆಲಕ್ಕೆ ಇಳಿಸುವ ಮಣಿಕಟ್ಟಿನ ಪಟ್ಟಿ, ರಿಸ್ಟ್ ಸ್ಟ್ರಾಪ್, ಕಡ್ಡಾಯ ಮಾಡಿ. ಅದರ ವೈರಿನಲ್ಲಿ 1 ಮೆಗಾಓಮ್ ರೆಸಿಸ್ಟರ್ ಇರಬೇಕು. ತಪ್ಪಿ ಕರೆಂಟ್ ತಾಗಿದರೂ ಮೈಯಲ್ಲಿ ಜಾಸ್ತಿ ಹರಿಯದಂತೆ ಅದು ತಡೆಯುತ್ತದೆ. ಬೀದಿಯಲ್ಲಿ ಸಿಗುವ ಅಗ್ಗದ್ದರಲ್ಲಿ ಕೆಲವಕ್ಕೆ ಅದು ಇರುವುದಿಲ್ಲ, ಮೀಟರ್ ಹಿಡಿದು ನೋಡಿ.

ಇವನ್ನು ಮಾತ್ರ ಬಿಗಿಯಾಗಿ ಬರೆಯಿರಿ. ಇಲ್ಲಿ ಯಾರಿಗೂ ರಿಯಾಯಿತಿ ಬೇಡ.

ನಿವೃತ್ತ ಮಾಸ್ತರ, ಅಂಕೋಲಾ · ಮೇ 7, ಸಂಜೆ 5:30

ತಂಗಿ, ನನ್ನದು ಸ್ವಲ್ಪ ಬೇರೆ ಮಾತು.

ಮೂವತ್ತು ವರ್ಷಕ್ಕೂ ಜಾಸ್ತಿ ಹೈಸ್ಕೂಲಲ್ಲಿ ಗಣಿತ ಕಲಿಸಿದೆ. ಯೂನಿಫಾರ್ಮ್ ದಿನ ಮೀನುಗಾರರ ಮಗನೂ ಡಾಕ್ಟರ ಮಗನೂ ಒಂದೇ ಬೆಂಚಿನಲ್ಲಿ ಒಂದೇ ಥರ ಕಾಣುತ್ತಿದ್ದರು. ಬಣ್ಣದ ಬಟ್ಟೆಯ ದಿನ ಕೆಲವು ಮಕ್ಕಳು ಶಾಲೆಗೇ ಬರುತ್ತಿರಲಿಲ್ಲ. ಕೇಳಿದರೆ ಜ್ವರ ಎನ್ನುತ್ತಿದ್ದರು. ಜ್ವರ ಅಲ್ಲ ಅಂತ ನನಗೆ ಗೊತ್ತಿತ್ತು.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೊಡ್ಡ ಊರಲ್ಲಿ ಇಂಥದ್ದೇ ಕೆಲಸಕ್ಕೆ ಸೇರಿದ. ಅಲ್ಲಿ ಏನು ಬೇಕಾದರೂ ಹಾಕಬಹುದಂತೆ. ಒಮ್ಮೆ ಮನೆಗೆ ಬಂದಾಗ ಹೇಳಿದ: ‘ಮಾಸ್ತರ್ರೇ, ಟೀ ಶರ್ಟ್ ಹಾಕಬಹುದು, ಆದರೆ ಎಂಥ ಟೀ ಶರ್ಟ್ ಅಂತ ಎಲ್ಲರೂ ನೋಡ್ತಾರೆ. ಶೂ ಮೇಲಿನ ಗುರುತು ನೋಡ್ತಾರೆ.’ ಎರಡು ಬಿಳಿ ಶರ್ಟ್, ಎರಡು ಕಪ್ಪು ಪ್ಯಾಂಟ್ ಅಂದಿದ್ದರೆ ಅವನು ನಿಶ್ಚಿಂತೆಯಿಂದ ವರ್ಷ ಕಳೆಯುತ್ತಿದ್ದ. ನಿಯಮ ತೆಗೆದುಹಾಕಿದರೆ ಎಲ್ಲರಿಗೂ ಆರಾಮ ಅಂತ ತಿಳಿಯಬೇಡಿ. ಬಡವರ ಮಕ್ಕಳಿಗೆ ಸರಳವಾದ ಒಂದು ನಿಯಮ ಧೈರ್ಯ ಕೊಡುತ್ತದೆ.

ಘಟ್ಟದ ಮೇಲಿನವಳು · ಮೇ 7, ರಾತ್ರಿ 9:05

ಮಾಸ್ತರ್ರೇ, ಇದು ನನಗೆ ಹೊಳೆದೇ ಇರಲಿಲ್ಲ. ನಮ್ಮಲ್ಲಿ ಕಳೆದ ವರ್ಷ ಸೇರಿದ ಹುಡುಗನೊಬ್ಬ ಶುಕ್ರವಾರವೂ ಅದೇ ನೀಲಿ ಶರ್ಟಿನಲ್ಲೇ ಬರುತ್ತಾನೆ. ಉಳಿದವರೆಲ್ಲ ಟೀ ಶರ್ಟ್. ಅವನಿಗೆ ಶಿಸ್ತು ಜಾಸ್ತಿ ಅಂದುಕೊಂಡಿದ್ದೆ. ನಿಮ್ಮ ಮಾತು ಓದಿದ ಮೇಲೆ ಯೋಚನೆ ಬದಲಾಯಿತು.

ಮೇಲಿನವರ ಮೇಲ್‌ನಲ್ಲಿ ಸಂಬಳ ಬರುವ ಮುಂಚೆಯೇ ಐದು ಫಾರ್ಮಲ್ ಶರ್ಟು, ಒಂದು ಜೊತೆ ಶೂ ಇರಲೇಬೇಕು ಅಂತಿದೆ. ಹೊಸದಾಗಿ ಸೇರುವವರಿಗೆ ಅದು ಸಾಲವೇ ಆಗುತ್ತದೆ. ಮೊದಲ ಎರಡು ತಿಂಗಳು ಇದ್ದ ಬಟ್ಟೆಯಲ್ಲೇ ಬರಲಿ ಅಂತ ಬರೆಯುತ್ತೇನೆ.

ಹೊನ್ನಾವರದ ಎಚ್‌ಆರ್ · ಮೇ 8, ಮಧ್ಯಾಹ್ನ 1:20

ಅಕ್ಕಾ, ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಇದೇ ಕೆಲಸ ಮಾಡಿದ್ದೇನೆ. ಮುಖ್ಯ ಕಚೇರಿಯವರಿಗೆ ನಮ್ಮ ಕಷ್ಟ ಹೇಳಿದರೆ ಸಾಲದು. ಬೇರೆ ಕಂಪನಿಗಳು ಏನು ಮಾಡಿವೆ ಅಂದರೆ ಬೇಗ ಕಿವಿಗೆ ಹೋಗುತ್ತದೆ. ಕಡು ಬಣ್ಣದ ಸೂಟು, ಬಿಳಿ ಶರ್ಟಿಗೇ ಹೆಸರಾಗಿದ್ದ ಐಬಿಎಂ 1995ರಲ್ಲಿ ಆ ಪದ್ಧತಿ ಬಿಟ್ಟಿತು. ಇನ್ಫೋಸಿಸ್ 2015ರ ಜೂನ್‌ನಿಂದ ವಾರವಿಡೀ ಕ್ಯಾಶುವಲ್ ಉಡುಪಿಗೆ ಒಪ್ಪಿತು. ಹಾಗಂತ ಎಲ್ಲರೂ ಸಡಿಲ ಮಾಡಿದ್ದಾರೆ ಅಂತ ಬರೆಯಬೇಡಿ, ಅದು ಸುಳ್ಳಾಗುತ್ತದೆ. ಕೊರೊನಾ ನಂತರ ಜನ ಆಫೀಸಿಗೆ ಮರಳುವಾಗ ಟಿಸಿಎಸ್ ತನ್ನ ಉಡುಪಿನ ನಿಯಮವನ್ನು ನೌಕರರಿಗೆ ಮತ್ತೆ ನೆನಪಿಸಿತ್ತು.

ಶುಕ್ರವಾರದ ಸಡಿಲ ಉಡುಪಿನ ಪದ್ಧತಿಯ ಬೇರು ಇರುವುದೂ ನಮ್ಮಂಥದ್ದೇ ಸೆಖೆಯ ಕಡಲ ನಾಡಿನಲ್ಲಿ. 1960ರ ದಶಕದಲ್ಲಿ ಹವಾಯಿಯ ಬಟ್ಟೆ ತಯಾರಕರು ಶುಕ್ರವಾರ ಹೂವಿನ ಚಿತ್ತಾರದ ಅಲೋಹಾ ಶರ್ಟ್ ಹಾಕಲು ಬಿಡಿ ಅಂತ ಅಲ್ಲಿನ ಕಚೇರಿಗಳನ್ನು ಒಪ್ಪಿಸಿದರು. ಜಪಾನ್ ಸರ್ಕಾರ 2005ರಲ್ಲಿ ಕೂಲ್ ಬಿಜ್ ಅಂತ ಶುರು ಮಾಡಿತು. ಬೇಸಿಗೆಯಲ್ಲಿ ಎಸಿ 28 ಡಿಗ್ರಿಗೆ ಇಡಿ, ಟೈ, ಕೋಟು ಬಿಡಿ ಅಂತ. ನಮ್ಮ ದೇಶದಲ್ಲೂ 2020ರಿಂದ ಸ್ಟಾರ್ ಗುರುತಿನ ಹೊಸ ಎಸಿಗಳು 24 ಡಿಗ್ರಿಗೆ ಹೊಂದಿಸಿಯೇ ಬರಬೇಕು ಅಂತಾಯಿತು. ಎಲ್ಲರಿಗೂ ತುಂಬು ತೋಳು ಹಾಕಿಸಿ ಎಸಿ 18ಕ್ಕೆ ಇಳಿಸುವ ಬದಲು ಅರ್ಧ ತೋಳು ಬಿಟ್ಟರೆ ಕರೆಂಟ್ ಬಿಲ್ ಕಮ್ಮಿಯಾಗುತ್ತದೆ. ದುಡ್ಡಿನ ಕಾರಣ ಅವರಿಗೆ ಬೇಗ ನಾಟುತ್ತದೆ.

ಇನ್ನೊಂದು ಮಾತು. ಕರ್ನಾಟಕದಲ್ಲಿ ಐಟಿ ಕಂಪನಿಗಳಿಗೆ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ನಿಯಮಗಳನ್ನು ಬರೆದು ಸರ್ಕಾರದ ಒಪ್ಪಿಗೆ ಪಡೆಯಬೇಕು ಅನ್ನುವ ಕಾಯ್ದೆ) 2014ರಲ್ಲಿ ಐದು ವರ್ಷ, 2019ರಲ್ಲಿ ಮತ್ತೆ ಐದು ವರ್ಷ ವಿನಾಯಿತಿ ಕೊಟ್ಟಿದ್ದರು. ಅದಕ್ಕೆ ಷರತ್ತೂ ಇತ್ತು. ನೌಕರರ ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ನೌಕರರ ಕಡೆಯವರೂ ಇರಬೇಕು. ನಿಮ್ಮ ನಿಯಮದ ಬಗ್ಗೆ ತಕರಾರು ಬಂದರೆ ಯಾರಿಗೆ ಹೇಳಬೇಕು ಅಂತ ಆ ಕಾಗದದಲ್ಲೇ ಬರೆಯಿರಿ. ನಾನು ನೋಡಿದ ಹೆಚ್ಚಿನ ನಿಯಮಗಳಲ್ಲಿ ಶಿಕ್ಷೆ ಬರೆದಿರುತ್ತಾರೆ, ದೂರಿನ ದಾರಿ ಬರೆದಿರುವುದಿಲ್ಲ.

ಅಬ್ಬಲಿಗೆ · ಮೇ 8, ರಾತ್ರಿ 8:45

ಒಂದೂವರೆ ಪುಟದ ಬಗ್ಗೆ ಯಾರೂ ಮಾತೇ ಎತ್ತಲಿಲ್ಲ. ನಾನು ಎತ್ತುತ್ತೇನೆ.

ಗಂಡಸರಿಗೆ ಒಂದು ಸಾಲು. ನಮಗೆ ದುಪ್ಪಟ್ಟಾ ಹೇಗಿರಬೇಕು, ಕುರ್ತಾ ಎಷ್ಟು ಉದ್ದ, ಕೂದಲು ಕಟ್ಟಿರಬೇಕಾ ಬಿಡಬೇಕಾ, ಬಳೆ ಎಷ್ಟು. ನಾನು ಕೆಲಸ ಮಾಡಿದ ಒಂದು ಕಡೆ ತೋಳಿನ ಉದ್ದವನ್ನು ಇಂಚಿನಲ್ಲಿ ಬರೆದಿದ್ದರು. ಅಂದ ಮೇಲೆ ಯಾರಾದರೂ ಅದನ್ನು ಕಣ್ಣಲ್ಲಿ ಅಳೆಯಲೇಬೇಕಲ್ವಾ? ಅಳೆಯುತ್ತಿದ್ದವರು ಗಂಡಸರು. ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನನಗೆ ಆ ಬಾಗಿಲು ದಾಟುವುದೇ ಸಾಕಾಗುತ್ತಿತ್ತು. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಲ್ಲಿ ಮೈ ಮುಟ್ಟುವುದು ಮಾತ್ರ ಅಲ್ಲ, ಅಸಭ್ಯ ಅರ್ಥ ಬರುವ ಮಾತೂ ಸೇರಿದೆ. ಬಟ್ಟೆ ಬಗ್ಗೆ ‘ಸುಮ್ನೆ ಹೇಳಿದೆ’ ಅಂತ ಆಡುವ ಮಾತು ಎಷ್ಟು ಬೇಗ ಆ ಗೆರೆ ದಾಟುತ್ತದೆ ಅಂತ ಕೇಳಿಸಿಕೊಂಡವರಿಗೇ ಗೊತ್ತು. ಹೆಂಗಸರಿಗೆ ಏನಾದರೂ ಹೇಳಲೇಬೇಕಿದ್ದರೆ ಹೆಂಗಸರೇ ಹೇಳಲಿ, ಕೋಣೆಯೊಳಗೆ, ಒಬ್ಬರಿಗೇ.

‘ಸಭ್ಯ ಉಡುಪು’ ಅಂತ ಬರೆದಿದ್ದರೆ ಆ ಪದ ತೆಗೆಯಿರಿ. ನಮ್ಮ ಅಂಕೋಲಾದ ತುಳಸಿ ಗೌಡರು 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ತೆಗೆದುಕೊಂಡದ್ದು ಬರಿಗಾಲಲ್ಲಿ, ಹಾಲಕ್ಕಿಯವರ ಸೀರೆ ಉಟ್ಟು, ಕೊರಳ ತುಂಬ ಮಣಿಸರ ಹಾಕಿಕೊಂಡು. ಆ ಪದದ ಅರ್ಥವನ್ನು ನಮ್ಮ ಜಿಲ್ಲೆಗೆ ಬೇರೆಯವರು ಹೇಳಿಕೊಡುವುದು ಬೇಡ.

ವಾಸನೆಯ ಮಾತು. ಅಕ್ಕಾ, ನಿಮ್ಮ ಚೂಡಿದಾರದ ಕತೆ ಓದಿ ಕಣ್ಣು ತುಂಬಿತು. ಆದರೆ ಇನ್ನೊಂದು ಬದಿಯನ್ನೂ ಹೇಳಬೇಕು. ನಾನು ದಿನಾ ಭಟ್ಕಳ ಮಲ್ಲಿಗೆ ಮುಡಿದು ಹೋಗುತ್ತಿದ್ದೆ. ಪಕ್ಕದವಳಿಗೆ ಅದರಿಂದ ಅರೆತಲೆನೋವು ಬರುತ್ತಿತ್ತಂತೆ. ಆರು ತಿಂಗಳು ಹೇಳಿರಲಿಲ್ಲ ಪಾಪ. ಹೇಳಿದ ದಿನದಿಂದ ಅಬ್ಬಲಿಗೆ ಮುಡಿಯತೊಡಗಿದೆ, ಅದಕ್ಕೆ ಪರಿಮಳ ಇಲ್ಲವಲ್ಲ. ಈ ಹೆಸರು ಇಟ್ಟುಕೊಂಡದ್ದೂ ಹಾಗೇ. ಸೆಂಟು, ಸಿಗರೇಟು, ಹೊಗೆ, ಹೂವು, ಎಲ್ಲವೂ ಯಾರಿಗಾದರೂ ತೊಂದರೆಯೇ. ಒಲೆಯ ಹೊಗೆಯನ್ನು ಮಾತ್ರ ಕೊಳಕು ಅನ್ನುವುದು ಯಾವ ನ್ಯಾಯ?

ಕೋಡಿಬಾಗದವ · ಮೇ 8, ರಾತ್ರಿ 9:10

ಹೊಗೆ ವಾಸನೆ ಹೋಗಬೇಕಾದರೆ ಒಂದು ರಾತ್ರಿ ಫ್ಯಾನ್ ಎದುರು ಹ್ಯಾಂಗರ್‌ಗೆ ಹಾಕಿ. ಮಡಿಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಇನ್ನೂ ಜಾಸ್ತಿ ಹಿಡಿಯುತ್ತದೆ. ಮಿಶ್ರ ನೂಲಿನ ಬಟ್ಟೆ ಬೇಗ ಒಣಗುತ್ತದೆ. ಹತ್ತಿ ತನ್ನ ತೂಕದ ಶೇ 8ರಷ್ಟು ತೇವವನ್ನು ಗಾಳಿಯಿಂದಲೇ ಹೀರಿಕೊಂಡಿರುತ್ತದೆ, ಪಾಲಿಯೆಸ್ಟರ್ ಶೇ ಅರ್ಧವೂ ಹೀರುವುದಿಲ್ಲ.

ಫೈಬರ್ ಕೆಲಸದವ, ಕುಮಟಾ · ಮೇ 8, ರಾತ್ರಿ 9:32

ಕೂತು ಕೆಲಸ ಮಾಡುವವರಿಗೆ ಸರಿ. ಬೋರ್ಡ್ ಮುಟ್ಟುವವರಿಗೆ ಪಾಲಿಯೆಸ್ಟರ್ ಹೇಳಬೇಡಿ ತಮ್ಮಾ. ಅವರಿಗೆ ಹತ್ತಿಯೇ, ಮೇಲೆ ಸ್ಟ್ಯಾಟಿಕ್ ತಡೆಯುವ ಕೋಟು.

ಕದ್ರಾ ಕಡೆಯವ · ಮೇ 9, ಬೆಳಿಗ್ಗೆ 7:15

ಗಡ್ಡದ ಬಗ್ಗೆ. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಹಾಕಿ ಕೆಲಸ ಮಾಡಿದವ ನಾನು. ಗಡ್ಡ ಇದ್ದರೆ ರಬ್ಬರ್ ಅಂಚು ಚರ್ಮಕ್ಕೆ ಕೂರುವುದಿಲ್ಲ, ಸಂದಿಯಿಂದ ಗಾಳಿ ನುಗ್ಗುತ್ತದೆ. ಅಲ್ಲಿ ಎಲ್ಲರೂ ಶೇವ್ ಮಾಡುತ್ತಿದ್ದರು. ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ, ಕಾರಣ ಮುಖದ ಮೇಲೇ ಇತ್ತು. ಕಂಪ್ಯೂಟರ್ ಮುಂದೆ ಕೂರುವವನಿಗೆ ಏನು ಕಾರಣ ಕೊಡುತ್ತಾರೆ?

ನಮ್ಮ ಕಡೆ ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಗಡ್ಡ ತೆಗೆಯುವುದಿಲ್ಲ, ಕಪ್ಪು ಬಟ್ಟೆ, ಬರಿಗಾಲು. ತಂದೆ ತೀರಿಕೊಂಡರೆ ಸೂತಕ ಮುಗಿಯುವವರೆಗೆ ಶೇವಿಂಗ್ ಇಲ್ಲ. ನನ್ನ ತಮ್ಮನಿಗೆ ಅಪ್ಪ ಹೋದ ಆರನೇ ದಿನ ವಿಡಿಯೋ ಮೀಟಿಂಗ್‌ಗೆ ಬರಲು ಹೇಳಿ, ಮುಖ ನೋಡಿದ ಮೇಲೆ ಕ್ಯಾಮೆರಾ ಆಫ್ ಮಾಡು ಅಂದರು. ಅವನು ಆ ಮಾತನ್ನು ಇನ್ನೂ ಮರೆತಿಲ್ಲ. ನಾನೂ ಮರೆತಿಲ್ಲ.

ಇನ್ನೊಂದು ವಿಷಯ ನಿಮ್ಮ ಮೇಲ್‌ಗೆ ಉಪಯೋಗ ಆದೀತು. 1948ರ ಕಾರ್ಖಾನೆ ಕಾಯ್ದೆಯ 22ನೇ ಕಲಮಿನಲ್ಲಿ, ತಿರುಗುವ ಯಂತ್ರದ ಹತ್ತಿರ ಕೆಲಸ ಮಾಡುವವನು ಬಿಗಿ ಬಟ್ಟೆ ಹಾಕಿರಬೇಕು ಅಂತ ಬರೆದಿದ್ದರು. ಆ ಬಟ್ಟೆಯನ್ನು ಕಾರ್ಖಾನೆಯವರೇ ಕೊಡಬೇಕು ಅಂತಲೂ ಅಲ್ಲೇ ಬರೆದಿದ್ದರು. ಕೆಲಸಕ್ಕೆ ಇಂಥದ್ದೇ ಬಟ್ಟೆ ಬೇಕು ಅಂದವರೇ ಕೊಡಬೇಕು. ಎಪ್ಪತ್ತೈದು ವರ್ಷಕ್ಕೂ ಹಿಂದಿನವರಿಗೆ ಇದು ಹೊಳೆದಿತ್ತು.

ಯಲ್ಲಾಪುರದ ಹೊಸಬ · ಮೇ 10, ರಾತ್ರಿ 11:00

ಅಕ್ಕಾ, ವಿಷಯಕ್ಕೆ ಸ್ವಲ್ಪ ಹೊರಗಿನ ಪ್ರಶ್ನೆ. ಈ ವರ್ಷ ಡಿಪ್ಲೊಮಾ ಮುಗಿಯುತ್ತದೆ. ಮುಂದಿನ ವಾರ ಹುಬ್ಬಳ್ಳಿಯಲ್ಲಿ ಇಂಟರ್‌ವ್ಯೂ. ನನ್ನ ಹತ್ತಿರ ಇರುವುದು ಅಣ್ಣನ ಒಂದು ಶರ್ಟು, ಭುಜ ದೊಡ್ಡದು. ಕೋಟು ಬೇಕಾ?

ಘಟ್ಟದ ಮೇಲಿನವಳು · ಮೇ 10, ರಾತ್ರಿ 11:20

ಕೋಟು ಬೇಡ ತಮ್ಮಾ. ಶರ್ಟನ್ನು ಟೇಲರ್ ಹತ್ತಿರ ಕೊಟ್ಟು ಭುಜ ಸಣ್ಣ ಮಾಡಿಸು. ಹೊಸ ಶರ್ಟಿನಷ್ಟು ಖರ್ಚು ಬರುವುದಿಲ್ಲ. ಉಗುರು ಕತ್ತರಿಸಿಕೋ. ಚಪ್ಪಲಿ ಆದರೂ ಪರವಾಗಿಲ್ಲ, ಕೆಸರು ಇರದಿರಲಿ. ಬಸ್ಸಲ್ಲಿ ಹೋಗುವಾಗ ಬೇರೆ ಅಂಗಿ ಹಾಕಿಕೋ, ಹುಬ್ಬಳ್ಳಿ ಸ್ಟ್ಯಾಂಡಲ್ಲಿ ಬದಲಿಸು. ನಾನು 200ಕ್ಕೂ ಜಾಸ್ತಿ ಇಂಟರ್‌ವ್ಯೂ ಮಾಡಿದ್ದೇನೆ. ಹುಡುಗ ಯಾವ ಶರ್ಟ್ ಹಾಕಿದ್ದ ಅಂತ ಒಂದೂ ನೆನಪಿಲ್ಲ. ಅವನು ಬರೆದ ಪ್ರೋಗ್ರಾಂ ನೆನಪಿದೆ.

ಘಟ್ಟದ ಮೇಲಿನವಳು · ಜೂನ್ 3, ರಾತ್ರಿ 10:10

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ನೀವು ಹೇಳಿದ್ದೆಲ್ಲ ಸೇರಿಸಿ ಮೂರು ಪುಟ ಕಳಿಸಿದ್ದೆ. ಉತ್ತರ ಬಂತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಶೂ ಕಡ್ಡಾಯ ಇಲ್ಲ. ಅರ್ಧ ತೋಳು ವರ್ಷವಿಡೀ ಆಗಬಹುದು, ಎಸಿ 25 ಡಿಗ್ರಿಗೆ ಇಡುತ್ತೇವೆ. ಶೇವಿಂಗ್ ಸಾಲು ಹೋಯಿತು. ಹೆಂಗಸರ ಒಂದೂವರೆ ಪುಟವೂ ಹೋಯಿತು, ಈಗ ಎಲ್ಲರಿಗೂ ಒಂದೇ ನಾಲ್ಕು ಸಾಲು. ಹೊರಗಿನ ಕೆಲಸದವರಿಗೆ ಉಂಗುರ, ಕಡಗ, ಸರ ತೆಗೆದೇ ಬ್ಯಾಟರಿ ಮುಟ್ಟಬೇಕು ಅಂತ ಸೇರಿಸಿದೆ. ಅವರ ಮೇಲಂಗಿ, ಶೂ, ರಿಸ್ಟ್ ಸ್ಟ್ರಾಪ್ ಕಂಪನಿಯದ್ದು. 22ನೇ ಕಲಮಿನ ಮಾತು ಅಲ್ಲಿ ಕೆಲಸ ಮಾಡಿತು. ಇನ್‌ಶರ್ಟ್ ಮಾತ್ರ ಅವರು ಬಿಡಲಿಲ್ಲ. ಗ್ರಾಹಕರು ಬರುವ ದಿನ ಬೇಕೇ ಬೇಕಂತೆ. ಹೊಸಬರಿಗೆ ಎರಡು ತಿಂಗಳು ಕೇಳಿದ್ದೆ, ಒಂದು ತಿಂಗಳು ಕೊಟ್ಟರು. ಮಾಸ್ತರ್ರೇ, ಬಿಳಿ ಶರ್ಟು ಕಪ್ಪು ಪ್ಯಾಂಟು ಯಾವ ದಿನವೂ ಸಾಕು, ಶುಕ್ರವಾರವೂ ಸಾಕು ಅಂತ ಒಂದು ಸಾಲು ನಿಮ್ಮ ಸಲುವಾಗಿ ಹಾಕಿದ್ದೇನೆ.

ವಾಸನೆಯ ಸಾಲು ತೆಗೆಸಲು ಫೋನಲ್ಲಿ ಮಾತಾಡಬೇಕಾಯಿತು. ಬಚ್ಚಲ ಒಲೆ, ಗಳು, ಹಸಿ ಸೌದೆ ಎಲ್ಲ ವಿವರಿಸಿದೆ. ಆ ಕಡೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಆ ಹುಡುಗಿ ನೀವೇನಾ’ ಅಂತ ಕೇಳಿದರು. ಹೌದು ಅಂದೆ. ಸಾಲು ತೆಗೆದರು.

ನಿನ್ನೆಯಿಂದ ಮಳೆ ಹಿಡಿದಿದೆ. ಹಿಂದಿನ ಸ್ಟೋರ್ ರೂಮ್ ಖಾಲಿ ಮಾಡಿಸಿ ಹಗ್ಗ ಕಟ್ಟಿಸಿದ್ದೇನೆ, ಎರಡು ಫ್ಯಾನು ಇವೆ. ಇವತ್ತು ಬೆಳಿಗ್ಗೆ ಅಲ್ಲಿ ಒಂಬತ್ತು ಶರ್ಟು ನೇತಾಡುತ್ತಿದ್ದವು.

ಕೋಡಿಬಾಗದವ · ಜೂನ್ 3, ರಾತ್ರಿ 10:25

ಕೊಕ್ಕೆ ಎಷ್ಟು ಹಾಕಿಸಿದಿರಿ ಅಕ್ಕಾ?

ಘಟ್ಟದ ಮೇಲಿನವಳು · ಜೂನ್ 3, ರಾತ್ರಿ 10:27

ಮೂವತ್ತು. ಒದ್ದೆ ರೇನ್‌ಕೋಟಿಗೆ ಬೇರೆ ಗೋಡೆ, ಕೆಳಗೆ ಹಳೆ ಗೋಣಿಚೀಲ.